ಮೇ ತಿಂಗಳ ಕಡಲ ದಂಡೆಯಲ್ಲಿ ಸಿಕ್ಕ ಕಪ್ಪು ಹಕ್ಕಿ ಯಾವುದು?

ಪ್ರಶ್ನೆ: ನಮ್ಮದು ಮಲ್ಪೆ ಹತ್ತಿರದ ಪಡುಕೆರೆ. ಮೇ ಕೊನೆಯ ವಾರ ಎರಡು ದಿನ ಜೋರು ಗಾಳಿ ಮಳೆ ಬಂತು. ಮಾರನೇ ದಿನ ಬೆಳಿಗ್ಗೆ ದಂಡೆಯಲ್ಲಿ ಒಂದು ಹಕ್ಕಿಯನ್ನು ಕಾಗೆಗಳು ಕುಕ್ಕುತ್ತಿದ್ದವು. ಪಾರಿವಾಳದಷ್ಟು ದೊಡ್ಡದು. ಮೈಯೆಲ್ಲ ಕಪ್ಪುಕಂದು, ಬೆನ್ನ ಮೇಲೆ ಬಿಳಿ ಚುಕ್ಕೆ, ಬಾಲ ಕವಲು. ಪಕ್ಕದ ಮನೆಯವರು ಕಾಜಾಣ ಅಂದರು. ನಮ್ಮ ಮಾವ ನಾಡದೋಣಿಯಲ್ಲಿ ಹೋಗುವವರು. ಅವರು ನೋಡಿದ ಕೂಡಲೇ 'ಇದು ಕಡಲಿನದ್ದು' ಅಂದರು. ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಹಾಲು ಅನ್ನ ಕೊಟ್ಟೆ, ತಿನ್ನಲಿಲ್ಲ. ಮರುದಿನ ಸತ್ತುಹೋಯಿತು. ಎರಡು ಫೋಟೋ ಕಳಿಸಿದ್ದೇನೆ. ಇದು ಯಾವ ಹಕ್ಕಿ? ನನ್ನಿಂದ ತಪ್ಪಾಯಿತೇ? ಕಡಲ ತೀರದಲ್ಲಿ ಹಕ್ಕಿ ನೋಡುವುದಿದ್ದರೆ ಚಳಿಗಾಲದಲ್ಲಿ ಮಾತ್ರ ಅಂತ ಎಲ್ಲರೂ ಹೇಳುತ್ತಾರಲ್ಲ, ಬೇಸಿಗೆಯಲ್ಲಿ ಇಂಥವು ಬರುತ್ತವೆಯೇ?

ಉತ್ತರ: ಮಾವನ ಮಾತು ಸರಿ. ಇದು ಕಡಲಿನದ್ದೇ. ಸೂಟಿ ಟರ್ನ್ ಎಂಬ ಹಕ್ಕಿಯ ಆ ವರ್ಷದ ಮರಿ. ನಮ್ಮ ಹೊಳೆಗಳ ಮೇಲೆ ಹಾರುವ ನದಿ ರೀವ ಗೊತ್ತಲ್ಲ, ಅದರ ದಾಯಾದಿ. ಆದರೆ ಹೊಳೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ದಡವೇ ಕಾಣದಷ್ಟು ದೂರದ ಕಡಲಿನಲ್ಲಿ ಬದುಕುವ ಹಕ್ಕಿ ಇದು.

ಕಾಜಾಣ ಅಂದವರನ್ನು ನಾನು ನಗುವುದಿಲ್ಲ. ಕಪ್ಪು ಬಣ್ಣ, ಕವಲು ಬಾಲ, ಎರಡೂ ಹೊಂದುತ್ತವೆ. ನಿಮ್ಮ ಎರಡನೇ ಫೋಟೋ ಇಲ್ಲದಿದ್ದರೆ ನಾನೂ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುತ್ತಿದ್ದೆ. ಅದರಲ್ಲಿ ಹಕ್ಕಿಯ ಕಾಲು ಪೆಟ್ಟಿಗೆಯ ಅಂಚಿಗೆ ಬಂದಿದೆ. ಬೆರಳುಗಳ ನಡುವೆ ತೆಳು ಚರ್ಮ ಕಾಣುತ್ತದೆ. ಕೊಂಬೆ ಹಿಡಿದು ಕೂರುವ ಹಕ್ಕಿಗೆ ಆ ಚರ್ಮ ಇರುವುದಿಲ್ಲ. ಅಲ್ಲಿಗೆ ಕಾಜಾಣದ ಕಥೆ ಮುಗಿಯಿತು. ಕೊಕ್ಕು ಉದ್ದ, ನೇರ, ಸೂಜಿಯ ಹಾಗೆ ಚೂಪು. ಮಡಚಿದ ರೆಕ್ಕೆ ಬಾಲದ ತುದಿಯವರೆಗೂ ಚಾಚಿದೆ. ರೆಕ್ಕೆ ಇಷ್ಟು ಉದ್ದ ಇದ್ದರೆ, ದಿನವೆಲ್ಲ ಗಾಳಿಯಲ್ಲೇ ಕಳೆಯುವ ಹಕ್ಕಿ ಅಂತ ಅರ್ಥ.

ಇನ್ನು ಬಿಳಿ ಚುಕ್ಕೆ. ಹಲವರು ಎಡವುವುದು ಇಲ್ಲೇ. ಪುಸ್ತಕದಲ್ಲಿ ಸೂಟಿ ಟರ್ನ್ ಚಿತ್ರ ತೆಗೆದು ನೋಡಿ. ಮೇಲೆ ಕಡುಗಪ್ಪು, ಕೆಳಗೆ ಅಚ್ಚ ಬಿಳಿ, ಹಣೆಯಲ್ಲಿ ಬಿಳಿ ಪಟ್ಟೆ. ಅದು ಬೆಳೆದ ಹಕ್ಕಿ. ಮರಿ ನೋಡಿದರೆ ಬೇರೆಯೇ ಜಾತಿ ಅನ್ನಿಸುತ್ತದೆ. ಮುಖ, ಎದೆ, ಬೆನ್ನು ಎಲ್ಲ ಹೊಗೆ ಹಿಡಿದ ಒಲೆಯ ಬಣ್ಣ. ಬೆನ್ನಿನ ಗರಿಗಳ ತುದಿಗೆ ಮಾತ್ರ ಬಿಳಿ. ಸುಣ್ಣದ ಕುಂಚ ಕೊಡವಿದಾಗ ಸಿಡಿದ ಹನಿಯ ಹಾಗೆ. ಹೊಟ್ಟೆಯ ಹಿಂಭಾಗ, ಬಾಲದ ಬುಡದ ಅಡಿ ಮಾತ್ರ ತಿಳಿಬಣ್ಣ. ನಿಮ್ಮ ಮೊದಲ ಫೋಟೋದಲ್ಲಿ ಇದೆಲ್ಲ ಇದೆ.

ಇದಕ್ಕೆ ಹೋಲುವ ಹಕ್ಕಿಗಳು ಎರಡಿವೆ. ಒಂದು ಬ್ರೌನ್ ನಾಡಿ. ಅದೂ ಕಂದು, ಅದೂ ಕಡಲಿನದ್ದು. ಆದರೆ ಅದರ ಬಾಲ ಕವಲಲ್ಲ, ತುದಿ ಬೆಣೆಯಾಕಾರ. ಬೆನ್ನಲ್ಲಿ ಚುಕ್ಕೆ ಇಲ್ಲ. ಬೆಳೆದ ನಾಡಿಗೆ ನೆತ್ತಿ ಮೇಲೆ ಬೂದಿ ಬಳಿದ ಹಾಗೆ ಬಿಳಿ ಟೋಪಿ ಇರುತ್ತದೆ. ಇನ್ನೊಂದು ಬ್ರೈಡಲ್ಡ್ ಟರ್ನ್. ಇದರ ಮರಿಗೆ ಎದೆ ಹೊಟ್ಟೆ ಬಿಳಿ, ಹಾಗಾಗಿ ನಿಮ್ಮ ಹಕ್ಕಿ ಅದಲ್ಲ. ಬೆಳೆದ ಹಕ್ಕಿಗಳಾದರೆ ಸೂಟಿ ಯಾವುದು, ಬ್ರೈಡಲ್ಡ್ ಯಾವುದು ಅಂತ ಹೇಳುವುದು ನಿಜಕ್ಕೂ ಕಷ್ಟ. ಹುಬ್ಬು ನೋಡಬೇಕು. ಬ್ರೈಡಲ್ಡ್‌ಗೆ ಹಣೆಯ ಬಿಳಿ ಸಣ್ಣ ಗೆರೆಯಾಗಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಸೂಟಿಗೆ ಬಿಳಿ ಅಗಲವಾಗಿ ಬಂದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ಬ್ರೈಡಲ್ಡ್‌ನ ಬೆನ್ನು ಬೂದುಗಂದು, ನೆತ್ತಿಯ ಕಪ್ಪಿಗಿಂತ ತಿಳಿ. ಸೂಟಿಯ ನೆತ್ತಿ, ಬೆನ್ನು ಎರಡೂ ಒಂದೇ ಕಪ್ಪು. ನಿಮ್ಮ ಮಾವನಂಥವರಿಗೆ ಇನ್ನೂ ಸುಲಭದ ದಾರಿ ಒಂದಿದೆ. ನೀರಲ್ಲಿ ತೇಲುವ ಮರದ ತುಂಡು, ಥರ್ಮೋಕೋಲ್, ಕಡಲಾಮೆಯ ಬೆನ್ನು, ಹೀಗೆ ಏನಾದರೂ ಸಿಕ್ಕಿದರೆ ಸಾಕು, ಬ್ರೈಡಲ್ಡ್ ಅದರ ಮೇಲೆ ಕೂರುತ್ತದೆ. ಸೂಟಿ ಹಾಗೆ ಕೂರುವುದು ಬಹಳ ಕಡಿಮೆ. ಅದರ ಗರಿ ಬೇಗ ನೀರು ಹೀರುತ್ತದೆ, ಹಾಗಾಗಿ ನೀರಿನ ಮೇಲೂ ಹೆಚ್ಚು ಹೊತ್ತು ಇರಲಾರದು. ಗೂಡು ಬಿಟ್ಟ ಮರಿ ಮತ್ತೆ ನೆಲಕ್ಕೆ ಇಳಿಯುವುದು ಕೆಲವು ವರ್ಷ ಬಿಟ್ಟು, ತಾನೇ ಮೊಟ್ಟೆ ಇಡುವ ವಯಸ್ಸಿಗೆ. ಅಲ್ಲಿಯವರೆಗೆ ಊಟ, ನಿದ್ದೆ ಎಲ್ಲ ಹಾರುತ್ತಲೇ.

ಅಂಥ ಹಕ್ಕಿ ಪಡುಕೆರೆಯ ಮರಳಿನಲ್ಲಿ ಕೂತಿದೆ ಎಂದರೆ ಅದಕ್ಕೆ ತ್ರಾಣ ಪೂರಾ ಮುಗಿದಿತ್ತು. ಹಾಗಾಗಿ ನಿಮ್ಮಿಂದ ತಪ್ಪಾಯಿತೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ಕಾಗೆಗಳಿಂದ ಬಿಡಿಸಿ ಕತ್ತಲೆಯ ಪೆಟ್ಟಿಗೆಯಲ್ಲಿ ಇಟ್ಟಿರಿ, ಅದು ಸರಿಯಾದ ಕೆಲಸ. ಹಾಲು ಅನ್ನ ಬೇಕಿರಲಿಲ್ಲ. ಅದನ್ನು ಹಕ್ಕಿ ತಿನ್ನಲಿಲ್ಲವಾದ್ದರಿಂದ ಸಾವಿಗೆ ಅದು ಕಾರಣವೂ ಅಲ್ಲ. ಮೀನು ಹಿಡಿಯುವುದನ್ನು ಈಗಷ್ಟೇ ಕಲಿಯುತ್ತಿರುವ ಮರಿಗಳು ಗಾಳಿಗೆ ಸಿಕ್ಕಿ, ಹೊಟ್ಟೆಗಿಲ್ಲದೆ ಹೀಗೆ ದಂಡೆಗೆ ಬಂದು ಬೀಳುತ್ತವೆ. ಹೆಚ್ಚಿನವು ಉಳಿಯುವುದಿಲ್ಲ.

ಎಲ್ಲಿಂದ ಬಂತು? ಒಂದು ಹಕ್ಕಿಯ ಫೋಟೋ ನೋಡಿ ಊರು ಹೇಳಲು ಆಗುವುದಿಲ್ಲ. ಸೂಟಿ ಟರ್ನ್‌ಗಳು ಮರಿ ಮಾಡುವ ಜಾಗಗಳಲ್ಲಿ ನಮಗೆ ಅತಿ ಹತ್ತಿರದ್ದು ಲಕ್ಷದ್ವೀಪದ ಪಿಟ್ಟಿ. ಜನವಸತಿ ಇಲ್ಲದ, ಒಂದು ಹೆಕ್ಟೇರಿಗೆ ಸ್ವಲ್ಪವೇ ಹೆಚ್ಚು ಇರುವ ಮರಳು ದಿಬ್ಬ ಅದು. ಪಡುಕೆರೆಯಿಂದ 400 ಕಿ.ಮೀ.ಗೂ ಕಡಿಮೆ. ನೈಋತ್ಯದ ಗಾಳಿ ಅಲ್ಲಿಂದ ನೇರ ನಮ್ಮ ಕಡೆಗೇ ಬೀಸುತ್ತದೆ. ಕೈಲಾಗದ ಹಕ್ಕಿಯನ್ನು ತಂದು ಹಾಕಲು ಅಷ್ಟು ಸಾಕು ಅಲ್ವಾ?

ಈಗ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಕಡಲ ತೀರದ ಹಕ್ಕಿಗಳಿಗೆ ಚಳಿಗಾಲವೇ ಕಾಲ ಎನ್ನುವುದು ಅರ್ಧ ನಿಜ. ಅಳಿವೆಯ ಕೆಸರಿನಲ್ಲಿ ಓಡಾಡುವ ಗೊರವ, ಉಲ್ಲಂಕಿ, ಪ್ಲೋವರ್‌ಗಳಿಗೆ ಅದು ಹೌದು. ಅವು ಉತ್ತರದಿಂದ ಚಳಿಗೆ ತಪ್ಪಿಸಿಕೊಂಡು ಬರುವವು. ಆದರೆ ದಕ್ಷಿಣ ಗೋಳಾರ್ಧದಲ್ಲೂ ಹಕ್ಕಿಗಳಿವೆ. ಅವಕ್ಕೆ ಜೂನ್, ಜುಲೈ ಚಳಿಗಾಲ. ನಮ್ಮಲ್ಲಿ ಸೆಖೆ ತಡೆಯಲಾರದೆ ಜನ ಮಳೆಗೆ ಕಾಯುತ್ತಿರುವ ಹೊತ್ತಿಗೆ ಅಂಟಾರ್ಕ್ಟಿಕಾದಿಂದ ಹೊರಟವರು ಅರಬ್ಬಿ ಸಮುದ್ರ ತಲುಪಿರುತ್ತಾರೆ.

ಉತ್ಪ್ರೇಕ್ಷೆ ಮಾಡುತ್ತಿಲ್ಲ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಹಕ್ಕಿ ಗುಬ್ಬಿಗಿಂತ ತುಸು ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ತೂಕ 40 ಗ್ರಾಂ ಆಸುಪಾಸು. ಒಂದು ನಿಂಬೆಹಣ್ಣಿನಷ್ಟು ಅನ್ನಿ. ಅಂಟಾರ್ಕ್ಟಿಕಾದ ಅಂಚಿನಲ್ಲಿ, ಸುತ್ತಲಿನ ದ್ವೀಪಗಳಲ್ಲಿ ಕಲ್ಲಿನ ಸಂದಿಯಲ್ಲಿ ಮರಿ ಮಾಡಿ, ಅಲ್ಲಿ ಚಳಿ ಶುರುವಾದಾಗ ಸಮಭಾಜಕ ದಾಟಿ ಇತ್ತ ಬರುತ್ತದೆ. ಕಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಕಾಲು ಇಳಿಬಿಟ್ಟು ನೀರಿನ ಮೇಲೆ ತಟತಟ ಹೆಜ್ಜೆ ಹಾಕುತ್ತಾ ಹಾರುತ್ತದೆ. ಅದನ್ನು ಮೊದಲ ಸಲ ನೋಡಿದವರು ಹಕ್ಕಿ ನಡೆಯುತ್ತಿದೆ ಅಂತಲೇ ಹೇಳುವುದು. ಫ್ಲೆಶ್-ಫೂಟೆಡ್ ಶಿಯರ್‌ವಾಟರ್ ಪಶ್ಚಿಮ ಆಸ್ಟ್ರೇಲಿಯಾ ಮುಂತಾದ ಕಡೆಗಳಿಂದ ಬರುತ್ತದೆ. ಕಾಗೆಯಷ್ಟು ದೊಡ್ಡ ಕಂದು ಹಕ್ಕಿ, ಕಾಲು ಗುಲಾಬಿ. ರೆಕ್ಕೆ ಬಡಿಯುವುದೇ ಅಪರೂಪ, ಅಲೆಯ ಇಳಿಜಾರಿನಲ್ಲಿ ಜಾರುತ್ತಲೇ ಇರುತ್ತದೆ. ಪರ್ಷಿಯನ್ ಶಿಯರ್‌ವಾಟರ್ ಅಷ್ಟು ದೂರದ್ದಲ್ಲ. ಒಮಾನ್ ಕರಾವಳಿಯ ದ್ವೀಪಗಳಲ್ಲಿ, ಸೊಕೋಟ್ರಾದಲ್ಲಿ ಗೂಡು.

ಇವೆಲ್ಲ ಯಾಕೆ ಬರುತ್ತವೆ? ಮೀನಿಗೆ. ಮುಂಗಾರು ಗಾಳಿ ಬೀಸತೊಡಗಿದಾಗ ಕೇರಳದಿಂದ ನಮ್ಮವರೆಗಿನ ಕರಾವಳಿಯಲ್ಲಿ ಮೇಲ್ಪದರದ ಬಿಸಿ ನೀರು ಆಚೆಗೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಅದರ ಜೊತೆ ತಳದ ಗೊಬ್ಬರವೂ ಮೇಲೆ ಬರುತ್ತದೆ. ಬಿಸಿಲು ಕಂಡ ಕೂಡಲೇ ಕಣ್ಣಿಗೆ ಕಾಣದ ಹಸಿರು ಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿನ್ನಲು ಸಣ್ಣಪುಟ್ಟ ಜೀವಿಗಳು, ಅವನ್ನು ತಿನ್ನಲು ಬೂತಾಯಿ ಮೀನು. ಒಮಾನ್, ಸೊಮಾಲಿಯಾ ಕಡೆ ಇದು ಇನ್ನೂ ಜೋರು. ಅರಬ್ಬಿ ಸಮುದ್ರಕ್ಕೆ ವರ್ಷದಲ್ಲಿ ಊಟ ಬಡಿಸುವ ಕಾಲ ಇದೇ. ಹಕ್ಕಿಗಳು ಪಂಕ್ತಿಗೆ ಬರದೆ ಇರುತ್ತವೆಯೇ?

ಹಾಗಾದರೆ ನಮಗೆ ಕಾಣುವುದಿಲ್ಲ ಯಾಕೆ? ಸರಿಯಾಗಿ ಅದೇ ಹೊತ್ತಿಗೆ ಬೋಟು ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲ ಬಂದರಿನ ಧಕ್ಕೆಯಲ್ಲಿ. ಸೈಂಟ್ ಮೇರೀಸ್ ದ್ವೀಪದ ಪ್ರವಾಸಿ ಬೋಟೂ ಬಂದ್. ಕ್ಯಾಮೆರಾ ಇದ್ದವರು ಮಳೆಗೆ ಹೆದರಿ ಮನೆಯಲ್ಲಿ. ಪುಸ್ತಕದಲ್ಲಿ 'ಬಹಳ ಅಪರೂಪ' ಅಂತ ಬರೆದ ಹಲವು ಹಕ್ಕಿಗಳ ಗುಟ್ಟು ಇಷ್ಟೇ. ಮೇ ಮತ್ತು ಸೆಪ್ಟೆಂಬರ್ ಆಜೂಬಾಜು ಬೋಟು ಮಾಡಿಕೊಂಡು ಆಳ ನೀರಿಗೆ ಹೋದವರು ಅವುಗಳಲ್ಲಿ ಕೆಲವನ್ನು ಮತ್ತೆ ಮತ್ತೆ ನೋಡಿದ್ದಾರೆ. ಮಳೆಗಾಲದ ನಡುವೆ ನೀರಿಗೆ ಇಳಿಯುವುದು ನಾಡದೋಣಿಯವರು ಮಾತ್ರ. ಈ ವಿಷಯದಲ್ಲಿ ನನಗಿಂತ ನಿಮ್ಮ ಮಾವನಿಗೆ ಜಾಸ್ತಿ ಗೊತ್ತಿರುತ್ತದೆ, ಸುಮ್ನೆ ಹೇಳುತ್ತಿಲ್ಲ.

ದಂಡೆಯಲ್ಲಿ ನಿಂತವರಿಗೆ ಸಿಗುವುದು ಗಾಳಿ ತಳ್ಳಿದ್ದು. ಇದರಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಮಾಸ್ಕ್‌ಡ್ ಬೂಬಿ. ಮಳೆಗಾಲದಲ್ಲಿ ಕೇರಳ, ಕರ್ನಾಟಕ, ಮಹಾರಾಷ್ಟ್ರದ ದಂಡೆಗಳಲ್ಲಿ ಇದು ಸಿಕ್ಕಿದ ದಾಖಲೆಗಳಿವೆ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್. ಬೆಳೆದದ್ದು ಬಿಳಿ, ರೆಕ್ಕೆಯ ಹಿಂದಿನ ಅಂಚು ಮತ್ತು ಬಾಲ ಕಪ್ಪು, ಕೊಕ್ಕಿನ ಬುಡದಲ್ಲಿ ಕಪ್ಪು ಮುಖವಾಡ. ಮರಿಯ ತಲೆ ಕಂದು, ಕುತ್ತಿಗೆಗೆ ಬಿಳಿ ಕಾಲರ್. ಮನುಷ್ಯರನ್ನು ಕಂಡರೆ ಹೆದರಿಕೆ ಕಡಿಮೆ. ದೋಣಿಯ ಮೂತಿಯಲ್ಲೇ ಬಂದು ಕೂತು ನಿದ್ದೆ ಹೊಡೆಯುತ್ತದೆ. ಸುಸ್ತು ತೀರಿದ ಮೇಲೆ ತಾನೇ ಹೋಗುವುದೂ ಉಂಟು.

ಫ್ರಿಗೇಟ್ ಹಕ್ಕಿಗಳು ತೂಫಾನಿನ ಮುಂಚೆ ಹಿಂದೆ ತುಂಬ ಎತ್ತರದಲ್ಲಿ ಸುತ್ತುತ್ತಿರುತ್ತವೆ. ನಾವು ಗರುಡನೋ ಹದ್ದೋ ಅಂದುಕೊಂಡು ಬಿಟ್ಟುಬಿಡುತ್ತೇವೆ. ರೆಕ್ಕೆ ಕುಡುಗೋಲಿನ ಹಾಗೆ ಬಾಗಿದ್ದು, ಬಾಲ ಉದ್ದಕ್ಕೆ ಕತ್ತರಿಯ ಹಾಗಿದ್ದರೆ ಕೆಳಗಿನಿಂದಲೇ ನಾಲ್ಕು ಫೋಟೋ ಹೊಡೆಯಿರಿ. ಇವುಗಳಲ್ಲಿ ಯಾವ ಜಾತಿ ಅಂತ ತಿಳಿಯುವುದು ಹೊಟ್ಟೆಯ ಮೇಲಿನ ಬಿಳಿ ಮಚ್ಚೆಯ ಆಕಾರದಿಂದ. ಮಬ್ಬು ಚಿತ್ರವಾದರೂ ಸಾಕು.

ಚಂಡಮಾರುತ ಬಂದ ವರ್ಷ ಕಣ್ಣು ಇನ್ನೂ ತೆರೆದಿರಬೇಕು. 2021ರ ಮೇ 15, 16ರಂದು ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತಲ್ಲ, ಅಂಥ ದಿನಗಳ ಮರುದಿನ ಬೆಳಿಗ್ಗೆ. ಗಾಳಿ ನಿಂತು, ಇಲಾಖೆಯವರು ದಂಡೆಗೆ ಹೋಗಬಹುದು ಅಂದ ಮೇಲೆ. ಅದಕ್ಕೆ ಮೊದಲು ಬೇಡ.

ಇದು ಮಳೆಗಾಲದ ಕಥೆಯಾಯಿತು. ನೀವು ಬೇಸಿಗೆ ಅಂತ ಕೇಳಿದ್ದೀರಿ. ಏಪ್ರಿಲ್ ಬಗ್ಗೆ ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ. ಚಳಿಗಾಲದ ಹಕ್ಕಿಗಳು ಹೊರಡುವ ಮೊದಲು ಬಟ್ಟೆ ಬದಲಾಯಿಸುವ ತಿಂಗಳು ಅದು. ನವೆಂಬರ್‌ನಲ್ಲಿ ನೋಡಿದರೆ ಎಲ್ಲವೂ ಒಂದೇ ಬೂದು. ಏಪ್ರಿಲ್ ಮಧ್ಯದಲ್ಲಿ ಕುಂದಾಪುರದ ಕೋಡಿ, ಅಘನಾಶಿನಿ ಅಳಿವೆ, ಕಾರವಾರದ ಕಾಳಿ ಅಳಿವೆ, ಮಂಗಳೂರಿನ ಬೆಂಗ್ರೆ ಕಡೆ ಹೋಗಿ ನೋಡಿ. ಗ್ರೇ ಪ್ಲೋವರ್‌ನ ಹೊಟ್ಟೆ ಮಸಿ ಬಳಿದಂತೆ ಕಪ್ಪಾಗಿರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ಗೆ ಮಂಗಳೂರು ಹೆಂಚಿನ ಕೆಂಪು. ರಡ್ಡಿ ಟರ್ನ್‌ಸ್ಟೋನ್ ಅಂತೂ ಯಕ್ಷಗಾನದ ಮುಖವರ್ಣಿಕೆ ಮಾಡಿಕೊಂಡ ಹಾಗೆ. ಟಿಬೆಟನ್ ಸ್ಯಾಂಡ್ ಪ್ಲೋವರ್‌ನ ಎದೆಗೆ ಕಿತ್ತಳೆ ಪಟ್ಟಿ ಬಂದಿರುತ್ತದೆ. ಇವತ್ತು ಇಲ್ಲಿ ಸಮುದ್ರ ಮಟ್ಟದ ಮರಳಿನಲ್ಲಿ ಓಡುವ ಈ ಹಕ್ಕಿ ಮರಿ ಮಾಡುವುದು ಟಿಬೆಟ್‌ನಂಥ ಎತ್ತರದ ಪ್ರಸ್ಥಭೂಮಿಯಲ್ಲಿ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಿದ್ದಾರೆ. ಅದಕ್ಕೆ ಕಾರಣಗಳು ಹಲವು. ಏಪ್ರಿಲ್‌ನಲ್ಲಿ ಇಳಿತದ ಹೊತ್ತಿಗೆ ಒಮ್ಮೆ ಹೋದರೆ ಒಂದು ಕಾರಣ ನಿಮಗೇ ಕಾಣುತ್ತದೆ.

ಜೂನ್‌ನಲ್ಲಿ ಅಳಿವೆಯ ಮರಳಿನಲ್ಲಿ ಒಂಟಿ ವಿಂಬ್ರೆಲ್ ಅಥವಾ ನಾಲ್ಕಾರು ಪ್ಲೋವರ್ ಕಂಡರೆ 'ದಾರಿ ತಪ್ಪಿದ ಹಕ್ಕಿ' ಅಂತ ಬರೆಯಬೇಡಿ. ಒಂದು ವರ್ಷದ ಹುಡುಗರು ಹಲವರು ಮೊದಲ ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುವುದೇ ಇಲ್ಲ. ಮದುವೆಯ ವಯಸ್ಸಾಗಿಲ್ಲ, ಹೋಗಿ ಏನು ಮಾಡುವುದು? ಇಲ್ಲೇ ಉಳಿಯುತ್ತವೆ. ಎಷ್ಟು ಉಳಿದಿವೆ ಎಂಬ ಲೆಕ್ಕ ಮಾತ್ರ ನಮಗೆ ಬೇಕು, ಅದನ್ನು ಬರೆಯುವವರು ಕಡಿಮೆ.

ಮುಂದಿನ ಸಲ ನೀವೇ ಹುಡುಕಿಕೊಂಡು ಹೋಗುವುದಿದ್ದರೆ ಬೆಳಿಗ್ಗೆ ಹೋಗಿ. ನಮ್ಮದು ಪಡುವಣ ಕಡಲು, ಮಧ್ಯಾಹ್ನದ ಮೇಲೆ ಬೆಳಕು ಕಣ್ಣಿಗೆ ಹೊಡೆದು ಎಲ್ಲ ಹಕ್ಕಿಯೂ ಕಪ್ಪೇ. ಕಾಪು ದೀಪಸ್ತಂಭದಂಥ ಎತ್ತರದ ಜಾಗ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಅಲೆ ಹೊಡೆಯುವ ಬಂಡೆಗೂ ಅಳಿವೆಯ ಕಲ್ಲಿನ ತಡೆಗೋಡೆಗೂ ಹತ್ತಬೇಡಿ. ಹಿಂದೆ ನಿಂತರೂ ಕಾಣುವಷ್ಟು ಕಾಣುತ್ತದೆ. ಕಾಣದೆಯೂ ಇರಬಹುದು. ನಾನು ಒಂದು ಜೂನ್‌ನಲ್ಲಿ ಎರಡು ಗಂಟೆ ಕೊಡೆ ಹಿಡಿದು ನಿಂತು ಅಲೆಗಳ ನಡುವೆ ಏರಿಳಿಯುವ ಬಿಳಿ ಹಕ್ಕಿಯೊಂದನ್ನು ಬೂಬಿ ಅಂತ ಪುಸ್ತಕದಲ್ಲಿ ಬರೆದುಕೊಂಡೆ. ರೆಕ್ಕೆ ಬಿಚ್ಚಲಿ ಅಂತ ಕಾದೆ. ಕೊನೆಗೆ ಅದು ತೇಲಿಕೊಂಡು ದಂಡೆಗೇ ಬಂತು. ಬಲೆಯ ಥರ್ಮೋಕೋಲ್.

ಹಕ್ಕಿ ಜೀವಂತ ಸಿಕ್ಕಿದರೆ ಏನು ಮಾಡಬೇಕೆಂದು ವಿವರವಾಗಿ ಹೇಳುತ್ತೇನೆ. ಇದನ್ನು ನಿಮ್ಮ ಕೇರಿಯ ಹುಡುಗರಿಗೂ ಹೇಳಿ. ಮೊದಲು ಕಾಗೆ, ನಾಯಿಗಳನ್ನು ದೂರ ಓಡಿಸಿ. ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ, ಮುಖಕ್ಕೆ ಮಾಸ್ಕ್ ಹಾಕಿ. ಹಕ್ಕಿ ಜ್ವರದ ಭಯ ಈಗ ಎಲ್ಲ ಕಡೆ ಇದೆ. ಬೈರಾಸು (ಟವೆಲ್) ಮೇಲೆ ಹಾಕಿ ರೆಕ್ಕೆ ಸೇರಿಸಿ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು, ಅನ್ನ, ಬ್ರೆಡ್ ಬೇಡ. ಬೂಬಿಯಾದರೆ ಕೊಕ್ಕು ಚುಚ್ಚುತ್ತದೆಂದು ರಬ್ಬರ್ ಬ್ಯಾಂಡ್ ಹಾಕಿಬಿಡುತ್ತಾರೆ. ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಬೂಬಿಗೆ ಹೊರಗೆ ಮೂಗಿನ ಹೊಳ್ಳೆಯೇ ಇಲ್ಲ, ಉಸಿರಾಡುವುದು ಬಾಯಿಯ ಅಂಚಿನಿಂದ. ಕೊಕ್ಕು ಬಿಗಿದರೆ ಉಸಿರು ಕಟ್ಟುತ್ತದೆ. ಶಿಯರ್‌ವಾಟರ್, ಪೆಟ್ರೆಲ್‌ಗಳ ಕಾಲು ದೇಹದ ಹಿಂದೆ ಇರುತ್ತದೆ, ನೆಲದ ಮೇಲೆ ನಿಲ್ಲಲಾರವು. ಕಾಲು ಮುರಿದಿದೆ ಅಂತ ಕಟ್ಟು ಹಾಕಲು ಹೋಗಬೇಡಿ. ಪಾಪ, ಕಡಲಿನ ಹಕ್ಕಿ ಅಂತ ಮತ್ತೆ ಅಲೆಗೆ ಎಸೆಯುವುದೂ ಬೇಡ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ ಒಪ್ಪಿಸಿ. ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ.

ಸತ್ತ ಹಕ್ಕಿಯೂ ದಾಖಲೆಯೇ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ತಲೆ, ಕೊಕ್ಕು, ಕಾಲು, ಬಿಚ್ಚಿದ ರೆಕ್ಕೆಯ ಮೇಲ್ಭಾಗ, ಅಡಿಭಾಗ, ಬಾಲ, ಹೀಗೆ ಒಂದೊಂದು ಫೋಟೋ. ಕಾಲಲ್ಲಿ ಉಂಗುರ ಇದೆಯಾ ನೋಡಿ. ಇದ್ದರೆ ಅದರ ಮೇಲಿನ ಅಕ್ಷರ, ಸಂಖ್ಯೆ ಬರೆದುಕೊಳ್ಳಿ. ನಮ್ಮ ದೇಶದಲ್ಲಿ ಹಾಕಿದ್ದಾದರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹೆಸರು ಇರುತ್ತದೆ.

ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಹಾಕುವಾಗ ದಿನ, ಹೊತ್ತು, ಜಾಗ ನಿಖರವಾಗಿ ಕೊಡಿ. ಗಾಳಿ ಯಾವ ಕಡೆಯದು ಅಂತ ಒಂದು ಸಾಲು ಬರೆದರೆ ಚಿನ್ನ. ಯಾರಾದರೂ 'ಇದು ಹೇಗೆ ಖಾತ್ರಿ?' ಅಂತ ಕೇಳಿ ಬರೆದರೆ ಬೇಸರ ಬೇಡ, ನನಗೂ ಕೇಳುತ್ತಾರೆ. ಒಂದು ಗಂಟೆ ನಿಂತು ಎರಡು ಗಿಡುಗ, ಹತ್ತು ಕಾಗೆ ಮಾತ್ರ ಕಂಡರೆ ಆ ಪಟ್ಟಿಯನ್ನೂ ಹಾಕಿ. ಮಳೆಗಾಲದ ಪಟ್ಟಿಗಳೇ ನಮ್ಮ ಕರಾವಳಿಯಲ್ಲಿ ಕಡಿಮೆ.

ನಿಮ್ಮಿಂದ ಎರಡು ವಿಷಯ ಬೇಕು. ಆ ಪೆಟ್ಟಿಗೆಯಲ್ಲಿ ಉದುರಿದ ಗರಿ ಏನಾದರೂ ಇದ್ದರೆ ಅದರ ಫೋಟೋ. ಇನ್ನೊಂದು, ಮಾವ ಅದನ್ನು ನೋಡಿ ತುಳುವಿನಲ್ಲಿ ಏನೋ ಹೆಸರು ಹೇಳಿರಬೇಕಲ್ಲ? ಕೇಳಿ ಬರೆಯಿರಿ. ಪುಸ್ತಕಗಳಲ್ಲಿ ಹುಡುಕಿದ್ದೇನೆ, ಎಲ್ಲೂ ಸಿಕ್ಕಿಲ್ಲ.